ಕಡೆಯ ಬನ್ನಿ

ಈ ಸಲದ ವಿಜಯದಶಮಿಯ ಬೆಳಿಗ್ಗೆ ನನ್ನ ಮೊಬೈಲಿಗೆ ಮೌನೇಶನಿಂದ ಬನ್ನಿ ಬಂತು. ಎಲೆಯಲ್ಲ, ಎಲೆಯ ಚಿತ್ರ. ಅದರ ಕೆಳಗೆ, ಬನ್ನಿ ಕೊಡುವಾಗ ನಮ್ಮ ಕಡೆ ಎಲ್ಲರೂ ಹೇಳುವ ಮಾತು: ಬಂಗಾರ ತಗೊಂಡು ಬಂಗಾರದಂಗ ಇರೋಣ. ಅದು ನನಗೊಬ್ಬನಿಗೇ ಬಂದಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯ ಇರಲಿಲ್ಲ. ನಮ್ಮ ಜೊತೆ ಓದಿದವರೆಲ್ಲ ಇರುವ ಗ್ರೂಪಿಗೆ ಕಳಿಸಿದ್ದ. ಯಾರ್ಯಾರು ಹೃದಯ ಒತ್ತಿದ್ದಾರೆ ಎಂದು ಒಬ್ಬೊಬ್ಬರ ಹೆಸರನ್ನೂ ತೆಗೆದು ನೋಡಿದೆ. ಅರ್ಧ ತಲೆ ಬೆಳ್ಳಗಾದ ಗುಮಾಸ್ತನೊಬ್ಬ ಯಾದಗಿರಿಯ ಬಾಡಿಗೆ ಮನೆಯಲ್ಲಿ ಕೂತು, ಚಹಾ ಆರಿಸಿಕೊಂಡು ಮಾಡುವ ಕೆಲಸವೇ ಇದು? ಏನು ಮಾಡಲಿ ಹೇಳಿ, ನನ್ನ ಹೊಟ್ಟೆಕಿಚ್ಚಿನ ಒಂದು ಕೂದಲೂ ಇನ್ನೂ ನರೆತಿಲ್ಲ.

ಆ ಕಿಚ್ಚು ಮೊದಲು ಹತ್ತಿಕೊಂಡದ್ದು ದೇವಾಪುರದಲ್ಲಿ, ಕಾಲುವೆ ಬಂದ ಹೊಸತರಲ್ಲಿ. ಅಲ್ಲಿಯತನಕ ನಮ್ಮೂರಲ್ಲಿ ಜೋಳ, ಸಜ್ಜೆ, ತೊಗರಿ ಅಷ್ಟೇ. ಅನ್ನ ಅಂದರೆ ಹಬ್ಬಕ್ಕೆ, ಇಲ್ಲವೇ ಜ್ವರ ಬಂದಾಗ. ನೀರು ಬಂದದ್ದೇ ಆಂಧ್ರದ ಕಡೆಯ ರೈತರೂ ಬಂದರು. ಕಾಲುವೆಯ ಆಚೆ ಗುಡಿಸಲು ಹಾಕಿ ಭತ್ತ ಬೆಳೆಯತೊಡಗಿದರು. ಅದಕ್ಕೆ ಕ್ಯಾಂಪು ಎಂದು ಹೆಸರಾಯಿತು.

ಮೌನೇಶ ನಮ್ಮ ಓಣಿಯವನೇ. ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಸುರಪುರಕ್ಕೆ ಪಿಯುಸಿ ಓದಲು ಹೋಗುತ್ತಿದ್ದೆವು. ಹೋಗುವಾಗ ಅವನು ತುಳಿಯಬೇಕು, ಬರುವಾಗ ನಾನು. ನನಗೆ ಆಗ ಹದಿನೇಳು. ಹುಡುಗರು ಹುಡುಗಿಯರ ಹೆಸರು ಹಿಡಿದು ಒಬ್ಬರನ್ನೊಬ್ಬರು ಕಾಡಿಸುವಾಗ ಬೇಕಾಗುತ್ತದೆಂದು ನಾನೂ ಒಂದು ಹೆಸರು ಇಟ್ಟುಕೊಂಡಿದ್ದೆ. ಆ ಹುಡುಗಿಯ ಮುಖ ಇವತ್ತು ನೆನಪಿಲ್ಲ. ಮೌನೇಶನ ಅಂಗಿಯ ಕಾಲರಿಗೆ ಅವನವ್ವ ಬೇರೆ ಬಣ್ಣದ ದಾರದಲ್ಲಿ ಹಾಕಿದ್ದ ಹೊಲಿಗೆ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಹಿಂದಿನ ಸೀಟಿನಲ್ಲಿ ಕೂತವನಿಗೆ ಬೇರೆ ಏನು ಕಾಣುತ್ತದೆ?

ಆ ವರ್ಷ ಮೌನೇಶನ ಅಪ್ಪ ಮೊದಲ ಸಲ ಭತ್ತ ಹಾಕಿದ. ನಾಟಿ ಕಲಿಸಲು ಕ್ಯಾಂಪಿನಿಂದ ಶೀನು ಎಂಬ ನಮ್ಮ ವಯಸ್ಸಿನವನೇ ಬಂದ. ಸಾಲು ನೆಟ್ಟಗೆ ಬರಬೇಕೆಂದರೆ ಇಬ್ಬರು ಹಗ್ಗ ಹಿಡಿಯಬೇಕು. ಒಂದು ತುದಿ ಶೀನು, ಇನ್ನೊಂದು ತುದಿ ಮೌನೇಶ. ನಾನು ಒಡ್ಡಿನ ಮೇಲೆ, ಸೈಕಲ್ ಹಿಡಿದುಕೊಂಡು. ವಾರಗಟ್ಟಲೆ ಕಾಲೇಜಿಗೆ ಒಬ್ಬನೇ ತುಳಿದೆ. ಅಷ್ಟರಲ್ಲಿ ಮೌನೇಶ ತೆಲುಗು ಕಲಿತ. ಎರಡು ಹೊತ್ತೂ ಅನ್ನ ಉಣ್ಣತೊಡಗಿದ. "ರೊಟ್ಟಿ ತಿಂದ್ರ ಹೊಟ್ಟಿ ಭಾರ ಆಗ್ತದೋ" ಅಂದ ಒಂದು ದಿನ, ಹುಟ್ಟಿದಾಗಿನಿಂದ ರೊಟ್ಟಿಯಲ್ಲೇ ಬೆಳೆದವನು! ಆ ಹಠಕ್ಕೆ ಮನೆಗೆ ಹೋಗಿ ಆರು ರೊಟ್ಟಿ ತಿಂದೆ. ಅದರಿಂದ ಶೀನುಗೆ ಏನೂ ಆಗಲಿಲ್ಲ. ಪಾಪ, ಶೀನು ಒಳ್ಳೆಯವನೇ. ಕಂಡಾಗಲೆಲ್ಲ ನನ್ನನ್ನು ನೋಡಿ ನಗುತ್ತಿದ್ದ. ಅವನ ಹಲ್ಲು ಸಾಲಾಗಿ ಇದ್ದದ್ದಕ್ಕೂ ನನಗೆ ಸಿಟ್ಟಿತ್ತು.

ಶಹಾಪುರಕ್ಕೆ ಕೊಟ್ಟಿದ್ದ ಅಕ್ಕ ದಸರೆಗೆ ಬಂದಿದ್ದಳು. ಹಬ್ಬದ ಹಿಂದಿನ ದಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳ ಹತ್ತಿರ ನನ್ನ ದೂರು ಬಿಚ್ಚಿದೆ.

"ಅಕ್ಕಾ, ಮೌನ್ಯಾ ಇವತ್ತ ಶೀನೂನ ಅಂಗಿ ಹಾಕ್ಕೊಂಡು ಬಂದಾನ."

"ಬರ್ಲಿ ಬಿಡು, ನಿಂದೇನ್ ಹೋತು?"

"ನನಗ ಊಟ ಹೋಗವಲ್ದು."

ಅಕ್ಕನ ಕೈ ನಿಂತಿತು. ನನ್ನ ಮುಖವನ್ನೇ ನೋಡಿದಳು. "ನಮ್ಮ ಮನಿಯವ್ರು ಮಗ್ಗಲ ಮನಿ ಆಕಿ ಕೂಡ ನಕ್ಕೋತ ನಿಂತಾಗ ನನಗ ಹಿಂಗ ಆಗಿತ್ತು. ಗೆಳ್ಯಾನ ಸಲುವಾಗಿ ಯಾರಿಗೂ ಇಷ್ಟ್ ಉರಿಯಂಗಿಲ್ಲೋ ತಮ್ಮಾ."

ಆ ಮಾತಿಗೆ ಸುಳ್ಳು ಹೇಳಬಹುದಿತ್ತು. ಇಟ್ಟುಕೊಂಡಿದ್ದ ಹೆಸರು ಬಾಯಿಯ ತುದಿಗೂ ಬಂತು. ಆದರೆ ಹೊರಬಿದ್ದದ್ದು ಬೇರೆ. "ಗೆಳ್ಯಾ ಅಲ್ಲಕ್ಕಾ. ನನಗ ಹುಡುಗೀರ ಮ್ಯಾಲ ಮನಸ್ಸ ಹೋಗಂಗಿಲ್ಲ. ಅಂವನ ಮ್ಯಾಲ ಹೋಗ್ಯಾದ."

ಹಂಚಿನ ಮೇಲಿದ್ದ ರೊಟ್ಟಿ ಕರಿಯಾಯಿತು. ಅಕ್ಕ ಆ ರೊಟ್ಟಿ ತೆಗೆದು ಬದಿಗಿಟ್ಟು, ಹೊಸದೊಂದು ಬಡಿದು ಬೇಯಿಸಿ ನನ್ನ ತಾಟಿಗೆ ಹಾಕಿದಳು. "ಅವ್ವಗ ಈಗ ಹೇಳಬ್ಯಾಡ. ಅಂವಗ ಹೇಳು. ನೀ ಇಲ್ಲಿ ಉರ್ಕೋತ ಕುಂತ್ರ ಅಂವಗ ಹ್ಯಾಂಗ ತಿಳೀಬೇಕು?" ಕರಿ ರೊಟ್ಟಿಯನ್ನು ತಾನೇ ತಿಂದಳು. ಅಕ್ಕನಿಗೆ ನಾನು ತೀರಿಸಲಾಗದ್ದು ಬಹಳ ಇದೆ, ಅದರಲ್ಲಿ ಆ ರೊಟ್ಟಿಯೂ ಒಂದು.

ಮರುದಿನ ಸಂಜೆ ಊರ ಹೊರಗಿನ ಬನ್ನಿ ಗಿಡದ ಹತ್ತಿರ ಎಲ್ಲರೂ ಸೇರಿದೆವು. ಮೊದಲು ಹಿರಿಯರಿಗೆ ಕೊಟ್ಟು ಕಾಲು ಮುಟ್ಟಬೇಕು, ಆಮೇಲೆ ಓರಗೆಯವರಿಗೆ. ಮೌನೇಶನಿಗೆಂದು ಎಳೆಯದೊಂದು ಕುಡಿ ಆರಿಸಿ, ಮುಳ್ಳು ತೆಗೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಕೊಡುವಾಗ ಏನು ಹೇಳಬೇಕೆಂದು ಹಗಲೆಲ್ಲ ಬಾಯಿಪಾಠವೂ ಮಾಡಿದ್ದೆ. ಓರಗೆಯವರಲ್ಲಿ ಅವನು ಮೊದಲು ಕೊಟ್ಟದ್ದು ಶೀನುಗೆ, ಅದೂ ತಬ್ಬಿಕೊಂಡು. ಆಮೇಲೆ ಒಬ್ಬೊಬ್ಬರಿಗೂ ಕೊಡುತ್ತ ಬಂದು, ನನ್ನ ಮುಂದೆಯೇ ಹಾದು, ಆ ಕಡೆ ನಿಂತಿದ್ದ ಮೇಷ್ಟರ ಮಗನಿಗೆ ಕೊಟ್ಟ. ನನ್ನತ್ತ ಕೈ ಚಾಚಲೇ ಇಲ್ಲ.

ಸೀದಾ ಕಾಲುವೆಗೆ ಹೋಗಿ ಜೇಬಿನ ಕುಡಿಯನ್ನು ನೀರಿಗೆ ಎಸೆದು ದಂಡೆಯ ಮೇಲೆ ಕೂತೆ. ಇನ್ನೂ ಹೊತ್ತು ಮುಳುಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಮೌನೇಶ ಏದುಸಿರು ಬಿಡುತ್ತ ಬಂದ.

"ಇಲ್ಲೇನ್ ಮಾಡಾಕತ್ತಿ? ಊರೆಲ್ಲಾ ಹುಡುಕಿದೆ."

"ನಿನ್ನ ಶೀನೂಗ ಕೊಡು, ಹೋಗು."

"ಅಂವಗ ಕೊಟ್ಟೀನಲ್ಲ."

"ಅದಕ್ಕ ಹೋಗಂತೀನಿ!"

ಅವನು ಪಕ್ಕದಲ್ಲಿ ಕೂತ. ಮುಚ್ಚಿದ್ದ ಮುಷ್ಟಿ ಬಿಚ್ಚಿದ. "ನಮ್ಮ ಮನ್ಯಾಗ ಕಡೀ ಬನ್ನಿ ಯಾರಿಗೂ ಕೊಡಂಗಿಲ್ಲ. ನಮ್ಮವ್ವ ಅದನ್ನ ಜ್ವಾಳದ ಡಬ್ಬ್ಯಾಗ ಇಟ್ಟು, ಮುಂದಿನ ದಸರಾತನಾ ಕಾಯ್ತಾಳ. ಈ ಸಲ ಅಕಿಗೆ ಹೇಳಲಾರ್ದ ನಿನಗ ತಂದೀನಿ. ನಿಂದು ಎಲ್ಲಿ?"

ನಾನು ನೀರು ತೋರಿಸಿದೆ. ಅವನು ಹೊಟ್ಟೆ ಹಿಡಿದು ನಕ್ಕ. "ಕಾಲುವಿ ಕಡೀ ತುದಿ, ಟೇಲ್ ಎಂಡಿನ ರೈತರಿಗೆ ನೀರಂತೂ ಮುಟ್ಟಂಗಿಲ್ಲ, ಬಂಗಾರಾದ್ರೂ ಮುಟ್ಲಿ!"

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ನೀ ಬ್ಯಾರೆ ಯಾರ ಕೂಡ ನಕ್ರೂ ನನಗ ತಡಿಯಾಕ ಆಗಂಗಿಲ್ಲ. ನೀ ನನಗ ಬೇಕು" ಎಂದೆ.

"ಗೊತ್ತದ. ನಿನ್ನ ಮಾರಿ ನೋಡಿದ್ರ ಕ್ಯಾಂಪಿನ ಎಮ್ಮಿಗೂ ಗೊತ್ತಾಗ್ತದ" ಅಂದ. ಆಮೇಲೆ ನಗು ನಿಲ್ಲಿಸಿ, "ನನಗೂ ನೀ ಬೇಕು" ಅಂದು ಬನ್ನಿಯ ಸಮೇತ ನನ್ನ ಕೈ ಹಿಡಿದ. ಅಷ್ಟು ಸಂತೋಷ ನನಗೆ ಆಮೇಲೆ ನೌಕರಿ ಸಿಕ್ಕಾಗಲೂ ಆಗಲಿಲ್ಲ.

ಅವನು ಶಹಾಪುರದಲ್ಲಿ ಮೇಷ್ಟರಾದ, ಅವ್ವನನ್ನೂ ಅಲ್ಲಿಗೇ ಕರೆದುಕೊಂಡು ಹೋದ. ನಾನು ಯಾದಗಿರಿಯಲ್ಲಿ ಉಳಿದೆ. ಇಬ್ಬರೂ ಮದುವೆಯಾಗಲಿಲ್ಲ. ಪ್ರತಿ ದಸರೆಯ ಮರುದಿನ ಅವನು ಬಸ್ಸಿನಲ್ಲಿ ಬಂದು ಕಡೆಯ ಬನ್ನಿಯನ್ನು ನನಗೆ ಕೊಡುತ್ತಾನೆ. ಇಷ್ಟು ವರ್ಷ ಅದೇ ನನ್ನ ಹೆಮ್ಮೆ. ಆದರೆ ಈ ಸಲ ಆರಿದ ಚಹಾದ ಮುಂದೆ ಕೂತಾಗ ಅನ್ನಿಸಿತು: ಕಡೆಯದು ಅಂದರೆ ಎಲ್ಲರೂ ಹೋದ ಮೇಲಿನದು, ಯಾರೂ ನೋಡದಾಗ ಕೊಡುವುದು. ನಾನೂ ಟೇಲ್ ಎಂಡಿನವನೇ. ನನ್ನ ಹೊಟ್ಟೆಕಿಚ್ಚು ಶೀನುವಿನ ಮೇಲಲ್ಲ. ಮೌನೇಶನ ಅಂಗಳದಲ್ಲಿ, ಬೆಳಕಿದ್ದಾಗ, ನಾಲ್ಕು ಜನರ ಎದುರು ಕೈ ಚಾಚಿ ಬನ್ನಿ ಪಡೆಯುವ ಪ್ರತಿಯೊಬ್ಬರ ಮೇಲೆ.

ಬಜಾರಿಗೆ ಹೋಗಿ ಬನ್ನಿ ತಂದು, ಮುಳ್ಳು ತೆಗೆದು, ಮಧ್ಯಾಹ್ನದ ಬಸ್ಸು ಹತ್ತಿದೆ. ಶಹಾಪುರ ಮುಟ್ಟುವತನಕ ಎರಡು ಸಲ ಇಳಿದು ವಾಪಸ್ಸು ಹೋಗೋಣ ಅನ್ನಿಸಿತು.

ಅಂಗಳದ ತುಂಬ ಓಣಿಯ ಜನ, ಅವನ ವಿದ್ಯಾರ್ಥಿಗಳು. ನನ್ನನ್ನು ಕಂಡು ಮೌನೇಶನ ಮುಖ ಬಿಳಿಚಿಕೊಂಡಿತು. ಎಲ್ಲರೂ ನೋಡುತ್ತಿದ್ದರು. ಮೊದಲು ಹಿರಿಯರಿಗೇ ಅಲ್ಲವೇ, ಮಂಚದ ಮೇಲೆ ಕೂತಿದ್ದ ಅವನ ಅವ್ವನ ಕಾಲಿಗೆ ಬಗ್ಗಿ ಬನ್ನಿ ಚಾಚಿದೆ. ಮುದುಕಿ ನನ್ನ ಕೈಯನ್ನು ಹಿಂದಕ್ಕೆ ಸರಿಸಿದಳು.

"ನನಗ ಆಮ್ಯಾಲ ಕೊಡಪಾ, ಮೊದ್ಲ ಅಂವಗ ಕೊಡು" ಅಂದಳು, ಎಲ್ಲರಿಗೂ ಕೇಳುವಂತೆ. "ಇಷ್ಟ್ ವರ್ಷ ನನ್ನ ಜ್ವಾಳದ ಡಬ್ಬ್ಯಾಗ ಕಡೀ ಬನ್ನಿ ಇಲ್ಲ. ಎಲ್ಲಿಗಿ ಹೋಗ್ತದ ಅಂತ ನನಗ ತಿಳಿಯಂಗಿಲ್ಲೇನು?"

ಅಷ್ಟು ಜನರ ನಡುವೆ ಮೌನೇಶ ಎರಡೂ ಕೈ ಮುಂದೆ ಮಾಡಿದ.