ಕುಟ್ಟಿಯ ಒಪ್ಪೊತ್ತು

ಚೆನ್ನೈಗೆ ಬಂದ ದಿನವೇ ಮಗಳ ಮನೆಯ ಅಡುಗೆಕೋಣೆಯಲ್ಲಿ ಹೆಗ್ಗಣ ಕಂಡು ಪೊರಕೆ ಎತ್ತಿದೆ. ಏಟು ಬೀಳುವ ಹೊತ್ತಿಗೆ ನೋಡುತ್ತೇನೆ, ಹೆಗ್ಗಣಕ್ಕೆ ಕೆಂಪು ಅಂಗಿ ತೊಡಿಸಿದ್ದಾರೆ. ಮೊಮ್ಮಗಳು ನಿಧಿ ಓಡಿ ಬಂದು ಅದನ್ನು ಬಾಚಿ ಎದೆಗವಚಿಕೊಂಡಳು.

"ಪಾಟಿ, ಅಡಿಕ್ಕಾದೀಂಗ. ಇದು ಕುಟ್ಟಿ."

ಪಾಟಿ ಅಂದರೆ ಇಲ್ಲಿ ಅಜ್ಜಿ. ಕುಟ್ಟಿ ಅಂದರೆ ಪುಟ್ಟದು. ಹೊಡೆಯಬೇಡಿ ಅಂದದ್ದು ಅವಳ ಮುಖ ನೋಡಿಯೇ ತಿಳಿಯಿತು.

"ಇದೇನಮ್ಮಿ ಶೋಭಾ, ನಾಯೀನಾ?" ಅಂತ ಮಗಳನ್ನು ಕೇಳಿದೆ.

"ಚಿವಾವಾ ಅಂತ ಜಾತಿ ಕಣವ್ವ. ಐದು ತಿಂಗಳ ಮರಿ. ದೊಡ್ಡದಾದ್ರೂ ಇಷ್ಟೇ ಇರೋದು."

"ಇದು ಕಳ್ಳನ್ನ ಹಿಡಿಯೋದಿರ್ಲಿ, ಇಲಿ ಬಂದು ಇದನ್ನ ಎತ್ಕೊಂಡು ಹೋಗದಿದ್ರೆ ಸಾಕು ಕನ."

ಶೋಭಾ ನಕ್ಕಳು. ನಿಧಿ ನಗಲಿಲ್ಲ.

ನಾನು ಕೊಳ್ಳೇಗಾಲದ ಕಡೆಯವಳು. ಓದಿದ್ದು ಮೂರನೇ ಕ್ಲಾಸು, ಮಾಡಿದ್ದು ರೇಷ್ಮೆ ಹುಳ ಸಾಕುವ ಕೆಲಸ. ಅಳಿಯನಿಗೆ ಮಣಲಿಯ ಎಣ್ಣೆ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಶೋಭಾಗೆ ವಿಮೆ ಆಫೀಸು. ಮಗು ಸ್ಕೂಲಿಂದ ಬಂದರೆ ಮನೆಯಲ್ಲಿ ಯಾರೂ ಇಲ್ಲ, ಬಾರವ್ವ ಅಂತ ಅವಳು ಎರಡು ವರ್ಷ ಕರೆದಳು. ಈ ಬೆಳೆ ಗೂಡು ಕಟ್ಟಲಿ, ಮುಂದಿನದೂ ಆಗಲಿ ಅಂತ ನಾನು ಮುಂದೂಡಿದೆ. ಕೊನೆಗೆ ಬಂದಾಗ ನನ್ನ ಜಾಗದಲ್ಲಿ ನಾಯಿ ಕೂತಿತ್ತು. ಮಗುವಿಗೆ ಜೊತೆ ಬೇಕಲ್ಲ ಅಂತ ತಂದಿದ್ದರಂತೆ. ಯಾರನ್ನು ಬಯ್ಯಲಿ?

ವೆಸ್ಟ್ ಮಾಂಬಲಂನ ಗಲ್ಲಿಯಲ್ಲಿ ಎರಡನೇ ಮಹಡಿ. ನಮ್ಮೂರಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚಿದ್ದರೆ ಆ ಮನೆಯಲ್ಲಿ ಏನೋ ಆಗಿದೆ ಅಂತ ಜನ ಬರುತ್ತಾರೆ. ಇಲ್ಲಿ ಬಾಗಿಲು ತೆರೆದಿದ್ದರೆ ಏನೋ ಆಗಿದೆ ಅಂತ ಇಣುಕುತ್ತಾರೆ. ಸೊಪ್ಪಿನವಳ ಹತ್ತಿರ 'ಒರು ಕಟ್ಟು' ಅಂತ ಕೇಳುವಷ್ಟು ತಮಿಳು ಬರಲು ಒಂದು ತಿಂಗಳು ಹಿಡಿಯಿತು. ಮುದ್ದೆ ಮಾಡಿದರೆ ನಾನೊಬ್ಬಳೇ ಉಣ್ಣಬೇಕು. ನಿಧಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಹೇಳುತ್ತಾಳೆ, ಮಾತು ಅಲ್ಲಿಗೇ ಮುಗಿಯುತ್ತದೆ.

ಕುಟ್ಟಿಗೆ ತಿರುಗಿ ಮಾತಾಡುವ ಕಷ್ಟವಿಲ್ಲ. ಬಾ ಅಂದರೆ ಬರುತ್ತಿತ್ತು, ಹೋಗು ಅಂದರೂ ಬರುತ್ತಿತ್ತು. ಎಲ್ಲರೂ ಹೊರಟ ಮೇಲೆ ಮನೆಯಲ್ಲಿ ನಾವಿಬ್ಬರೇ. ಮೈಯಲ್ಲಿ ಮಾಂಸವಿಲ್ಲ, ಫ್ಯಾನು ಜೋರಾದರೂ ನಡುಗುತ್ತದೆ. ನಡುಗಿದಾಗ ನನ್ನ ಸೆರಗಿನ ಮೇಲೆ ಬಂದು ಮುದುರಿಕೊಳ್ಳುತ್ತಿತ್ತು. ಮೊದಲು ಕಾಲಲ್ಲಿ ಸರಿಸುತ್ತಿದ್ದೆ. ಆಮೇಲೆ ಬಿಟ್ಟೆ. ದಿನಕ್ಕೆ ನಾಲ್ಕು ಸಲ ತಿನ್ನಿಸಬೇಕು, ತಪ್ಪಿಸಬಾರದು ಅಂತ ಶೋಭಾ ಹೇಳಿದ್ದಳು. ತಪ್ಪಿಸಿರಲಿಲ್ಲ.

ಅಷ್ಟರಲ್ಲಿ ಶ್ರಾವಣ ಬಂತು. ನಮ್ಮ ಮನೆಯಲ್ಲಿ ಶ್ರಾವಣದ ಶನಿವಾರ ಐದು ಮನೆಯ ಪಡಿ ಎತ್ತಬೇಕು. ಚೊಂಬಿಗೆ ನಾಮ ಹಚ್ಚಿ, ಗೋವಿಂದ ಅಂತ ಬಾಗಿಲಲ್ಲಿ ನಿಂತು, ಕೊಟ್ಟ ಅಕ್ಕಿ ತಂದು ಬೇಯಿಸಿ ದೇವರಿಗೆ ಎಡೆ ಇಡಬೇಕು. ಅಲ್ಲಿಯವರೆಗೆ ಮನೆಯವರು ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಹೆರಿಗೆಯಾದವಳು, ಹಾಲು ಕುಡಿಯುವ ಮಗು, ಇಬ್ಬರಿಗೆ ಮಾತ್ರ ವಿನಾಯಿತಿ.

ಮೊದಲ ಶನಿವಾರ ಶೋಭಾ, ಅಳಿಯ ಇಬ್ಬರೂ ಬೇಗ ಕೆಲಸಕ್ಕೆ ಹೋಗಿದ್ದರು. ನಿಧಿ ಡ್ಯಾನ್ಸ್ ಕ್ಲಾಸಿಗೆ ಹೊರಡುತ್ತ ನಾಯಿಯ ಬಟ್ಟಲು ತಂದಳು.

"ತಾಳವ್ವ, ದೇವ್ರಿಗಾಗ್ಲಿ. ಅದೂ ಮನೇದೇ ಅಲ್ವಾ?" ಅಂದೆ.

ಹುಡುಗಿ ನನ್ನ ಮುಖವನ್ನೇ ನೋಡಿದಳು. "ಅಜ್ಜಿ, ಕುಟ್ಟೀನೂ ನಮ್ ಮನೇದಾ?"

ಅಜ್ಜಿ ಅಂದಳು, ಕನ್ನಡದಲ್ಲಿ ಕೇಳಿದಳು. ಬಂದಾಗಿನಿಂದ ಅದೇ ಮೊದಲು.

"ಇನ್ಯಾರ್ ಮನೇದು? ನೀನು ಬರೋವತ್ಗೆ ಎಡೆ ಆಗಿರ್ತದೆ. ಎಲ್ಲಾರೂ ಒಟ್ಗೆ ಉಣ್ಣನ."

ಬಟ್ಟಲು ಕೆಳಗಿಟ್ಟು ಕುಣಿಯುತ್ತ ಹೋದಳು.

ಊರಲ್ಲಿ ಐದು ಮನೆಗೆ ಅರ್ಧ ಗಂಟೆ ಸಾಕು. ಇಲ್ಲಿ ಚೊಂಬು ಹಿಡಿದು ಹೊರಟರೆ ಮೂರು ಮನೆಗೆ ಬೀಗ. ಎದುರು ಮನೆಯ ಮಾಮಿ ಅಕ್ಕಿ ಹಾಕಿ, "ಪುರಟ್ಟಾಸಿ ಇನ್ನುಂ ವರಲಿಯೇ ಪಾಟಿ" ಅಂದರು. ನಮಗೆ ಶ್ರಾವಣ ಹೇಗೋ ಇವರಿಗೆ ಪುರಟ್ಟಾಸಿ ಹಾಗೆ, ಅದಿನ್ನೂ ಬಂದಿಲ್ಲ ಅಂದದ್ದು ಅಂತ ಆಮೇಲೆ ಶೋಭಾ ಬಿಡಿಸಿ ಹೇಳಿದಳು. ಪಕ್ಕದ ಕಟ್ಟಡಕ್ಕೆ ಹೋದೆ. ಕಾವಲುಗಾರ ಭಿಕ್ಷೆಯವಳು ಅಂತ ತಡೆದ. ಅವನಿಗೆ ತಿಳಿಸಿ ಹೇಳಿ, ಐದನೇ ಮನೆಯ ಅಕ್ಕಿ ಬೀಳುವಾಗ ಹನ್ನೆರಡು ದಾಟಿತ್ತು. ಬಂದು ಒಲೆ ಹಚ್ಚಿದೆ. ಕುಟ್ಟಿ ಮೂಲೆಯಲ್ಲಿ ಮಲಗಿತ್ತು. ಒಳ್ಳೆಯದಾಯಿತು, ಕಾಲಿಗೆ ಸಿಕ್ಕಿಕೊಳ್ಳುವುದಿಲ್ಲ ಅಂದುಕೊಂಡೆ.

ನಿಧಿ ಬಂದು ಎತ್ತಿಕೊಂಡಾಗ ಕತ್ತು ಜೋತುಬಿತ್ತು. ಕಾಲುಗಳು ಸೆಟೆದು ಅದುರುತ್ತಿದ್ದವು. ಅವಳ ಕಿರುಚಾಟಕ್ಕೆ ಮಾಮಿ ಜೇನಿನ ಸೀಸೆ ಹಿಡಿದು ಓಡಿಬಂದು ಅದರ ಒಸಡಿಗೆ ಸವರಿದರು. ಆಟೋ ಹತ್ತಿಸಿ ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರೂ ಅವರೇ.

"ಸಾಪ್ಪಿಟ್ಟು ಎವ್ವಳವು ನೇರಮಾಚ್ಚು?" ಡಾಕ್ಟರು ಕೇಳಿದರು.

ತಿಂದು ಎಷ್ಟು ಹೊತ್ತಾಯಿತು ಅಂತ. ಯಾರ ಸಹಾಯವೂ ಇಲ್ಲದೆ ನನಗೆ ಪೂರಾ ಅರ್ಥವಾದ ಮೊದಲ ತಮಿಳು ಮಾತು ಅದು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

"ನೇತ್ತು" ಅಂದೆ. ನಿನ್ನೆ.

ನಿಧಿ ನನ್ನ ಪಕ್ಕದಿಂದ ಎದ್ದು ಹೋಗಿ ಮಾಮಿಯ ಪಕ್ಕ ಕೂತಳು.

ಇಂಥ ಮರಿಗಳ ಮೈಯಲ್ಲಿ ಕೂಡಿಟ್ಟ ಬಲವಿರುವುದಿಲ್ಲವಂತೆ, ಹಸಿದರೆ ರಕ್ತದ ಸಕ್ಕರೆ ಇಳಿದು ಬಿದ್ದೇ ಹೋಗುತ್ತವಂತೆ. ನನಗೆ ಇದನ್ನು ಯಾರಾದರೂ ಹೇಳಬೇಕಿತ್ತೇ? ಜ್ವರ ಬಂದು ಮಲಗಿದ್ದಾಗಲೂ ಎದ್ದು ಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಿದವಳು ನಾನು. ಹುಳಕ್ಕೆ ಶ್ರಾವಣವಿಲ್ಲ ಅಂತ ನಮ್ಮತ್ತೆಗೇ ಎದುರು ಹೇಳಿದವಳು. ನಾಯಿ ಅಂದುಕೊಂಡಿದ್ದಷ್ಟು ದಿನ ಅದರ ಹೊಟ್ಟೆ ತುಂಬಿಸಿದೆ. ಮನೆಯದು ಅಂದುಕೊಂಡ ದಿನ ಒಪ್ಪೊತ್ತು ಕೆಡವಿದೆ.

ಬದುಕಿತು. ನಡೆಯುವಾಗ ಮಾತ್ರ ಈಗಲೂ ಎಡಕ್ಕೆ ವಾಲುತ್ತದೆ. ಶೋಭಾ ಬಯ್ಯಲಿಲ್ಲ. "ಇನ್ಮೇಲೆ ಅದರ ಊಟ ಮಾಮಿ ನೋಡ್ಕೋತಾರೆ, ನೀನು ಚಿಂತೆ ಮಾಡ್ಬೇಡ ಅವ್ವ" ಅಂದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಧಿಗೆ ನಾನು ಮತ್ತೆ ಪಾಟಿ.

ಈ ವರ್ಷ ಶ್ರಾವಣಕ್ಕೆ ಊರಿಗೆ ಹೋದೆ. ಪಡಿ ಎತ್ತಿ ಬಂದು ವಾರಗಿತ್ತಿ ಸಾಕಮ್ಮನ ಜೊತೆ ಒಲೆ ಮುಂದೆ ಕೂತೆ. ಅವರ ಕರಿನಾಯಿ ಜಗಲಿಯಲ್ಲಿ ಬಿದ್ದಿತ್ತು. ಗಟ್ಟಿ ನಾಯಿ, ಎರಡು ದಿನ ಇಕ್ಕದಿದ್ದರೂ ಅದಕ್ಕೆ ಏನೂ ಆಗುವುದಿಲ್ಲ. ಅದು ಗೊತ್ತಿದ್ದೂ ನನ್ನ ಕೈ ನಿಲ್ಲಲಿಲ್ಲ. ಎಡೆಗೆ ಮುಂಚೆಯೇ ಒಂದು ಹಿಡಿ ಅನ್ನ ತೆಗೆದು ಹಾಕಿಬಿಟ್ಟೆ.

"ದೇವ್ರಿಗಿಂತ ಮುಂದಾಗಿ ನಾಯ್ಗಾ ಅಕ್ಕ? ಮದ್ರಾಸ್ ನೀರು ಕುಡ್ದು ಕೆಟ್ಟೋದೆ ಕನ ನೀನು" ಅಂದಳು ಸಾಕಮ್ಮ. ಆ ಪಾತ್ರೆಯ ಅನ್ನ ಪಕ್ಕಕ್ಕಿಟ್ಟು ಎಡೆಗೆ ಬೇರೆ ಬೇಯಿಸಿದಳು. ಅದಕ್ಕೆ ನನ್ನನ್ನು ಮುಟ್ಟಗೊಡಲಿಲ್ಲ.

ಮತ್ತೆ ಚೆನ್ನೈಗೆ ಬಂದಿದ್ದೇನೆ. ಬಾಗಿಲು ಮುಚ್ಚಿದೆ, ಮನೆಯಲ್ಲಿ ನಾವಿಬ್ಬರೇ. ಮಾಮಿ ಬಂದು ತಿನ್ನಿಸಿ ಹೋದ ಬಟ್ಟಲು ಮೂಲೆಯಲ್ಲಿದೆ. ಕುಟ್ಟಿಗೆ ಏನೂ ನೆನಪಿಲ್ಲ. ವಾಲಿಕೊಂಡು ಬಂದು ಸೆರಗಿನ ಮೇಲೆ ಮಲಗುತ್ತದೆ, ನನ್ನ ಕೈ ಮೂಸುತ್ತದೆ. ಕೈಯಲ್ಲಿ ಏನೂ ಇರುವುದಿಲ್ಲ.

"ತಾಳು, ನಿಧಿ ಬರ್ಲಿ" ಅನ್ನುತ್ತೇನೆ.