ಇಸ್ತ್ರಿ ಅಕ್ಕ ಹೇಳುವ ರೀತಿ
ನಮ್ಮ ಲಾಂಡ್ರಿಯಲ್ಲಿ ಯಾರ ಮೈ ನಾರಿದರೂ ಅದನ್ನು ಅವರಿಗೇ ಹೇಳುವ ಧೈರ್ಯ ಇಸ್ತ್ರಿ ಅಕ್ಕನೊಬ್ಬಳಿಗೇ ಉಂಟು. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವಳು, ಆದರೂ ನನಗೂ ಅಕ್ಕನೇ. ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ. ನಾರುವವಳು ನಲ್ಲಿಯ ಹತ್ತಿರ ಒಬ್ಬಳೇ ಸಿಕ್ಕಾಗ ಅಕ್ಕ ತನ್ನ ತೋಳೆತ್ತಿ, "ನಾನು ನಾರ್ತಾ ಇದೀನೇನೇ, ನಿಜ ಹೇಳು" ಎನ್ನುತ್ತಾಳೆ. "ಇಲ್ಲಕ್ಕ. ನಾನು?" ಎಂದು ಅವಳು ಕೇಳಿದರೆ, "ಒಂಚೂರು ಕಣೇ, ಈ ಸೆಕೆ ಯಾರನ್ನ ಬಿಟ್ಟಿದೆ" ಎಂದು ಕೈಗೆ ಸೋಪು ಕೊಡುತ್ತಾಳೆ. ಸಿಡುಕು ಮೋರೆಯ ಮಾಲೀಕನೇ ಅವಳಿಂದ ಹೇಳಿಸಿಕೊಂಡು, ಬಹುಮಾನ ಬಂದವನ ಹಾಗೆ ನಗುತ್ತಾ ಹೋಗಿ ಸ್ನಾನ ಮಾಡಿ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ನಾನು ಅವರ ಅಂಗಿಯನ್ನು ಒಗೆಯದೆ ದಿನವೂ ಹಾಕಿಕೊಂಡು ಕೆಲಸಕ್ಕೆ ಬರುತ್ತಿದ್ದೆ. ಊಟಕ್ಕೂ ಯಾರೂ ನನ್ನ ಪಕ್ಕ ಕೂರದಾದರು. ಅಕ್ಕ ಮಾತ್ರ ಬಂದು ಕೂತು, "ಯಾಕಮ್ಮಾ ಇದನ್ನ ಒಗೆಯಲ್ಲ?" ಎಂದಳು. "ಒಗೆದ್ರೆ ಅವರ ವಾಸನೆ ಹೋಗುತ್ತೆ ಕಣಕ್ಕ" ಎಂದೆ. ಅವಳು ಕಾಲರಿಗೆ, ತೋಳಿಗೆ, ಕಂಕುಳಿಗೆ ಮೂಗಿಟ್ಟು, ಮುಖ ಕಿವುಚದೆ, ಒಂದಿಷ್ಟೂ ಅವಸರ ಮಾಡದೆ ಅವರನ್ನು ಹುಡುಕಿದಳು. "ಎಲ್ಲೂ ಉಳಿದಿಲ್ಲಮ್ಮಾ" ಎಂದಳು, "ಈಗಿರೋದೆಲ್ಲ ನಿಮ್ಮದೇ." ನಾನು ಗುಂಡಿ ಬಿಚ್ಚಿದೆ.