ಯೋಜನಾ ಮಂತ್ರಿಗಳ ವಿಮಾನ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕನ್ನಡಕದಂಗಡಿಯವನು ಮಖಮಲ್ಲಿನ ಟ್ರೇಯ ಮೇಲೆ ಮೂರು ಫ್ರೇಮುಗಳನ್ನು ಸಾಲಾಗಿ ಇಟ್ಟ. ಎಡಗಡೆಯದು, ಇಷ್ಟು ಅಗ್ಗಕ್ಕೆ ಸಿಕ್ಕರೆ ಏನೋ ಐಬಿರಬೇಕು ಎನಿಸುವಂಥದ್ದು. ಬಲಗಡೆಯದು, ಬೆಲೆ ಕೇಳಿದವರು ಮೆಲ್ಲಗೆ ಕೈ ಹಿಂದೆಳೆದುಕೊಳ್ಳುವಂಥದ್ದು. ನಡುವಿನದು ಅವನು ಮಾರಬೇಕೆಂದಿದ್ದದ್ದು. ಇಪ್ಪತ್ತಾರು ವರ್ಷಗಳಿಂದ ಗಿರಾಕಿಗಳ ಕೈ ಹತ್ತಕ್ಕೆ ಎಂಟು ಸಲ ನಡುವಿನ ಫ್ರೇಮಿಗೇ ಹೋಗಿದೆ. ಆರಿಸಿದ್ದು ತಾವೇ ಎಂಬ ಸಂತೋಷ ಅವರಿಗೆ ಉಚಿತ.

ಆ ದಿನ ಟ್ರೇಯ ಮುಂದೆ ಕೂತಿದ್ದವಳು ತಂತಿಯಕ್ಕ. ಊರಾಚೆಯ ಸಣ್ಣ ವಿಮಾನ ಮೈದಾನದಲ್ಲಿ ಖಾಸಗಿ ವಿಮಾನಗಳ ರೇಡಿಯೋ, ಮೀಟರು, ಅವುಗಳ ಬೆನ್ನಿಗಿರುವ ತಂತಿಗಳ ಕೆಲಸ ಅವಳದು. ಅವಳ ನಿಜವಾದ ಹೆಸರು ಲೈಸೆನ್ಸಿನಲ್ಲಿ ಮಾತ್ರ ಇದೆ. ವಯಸ್ಸು ಐವತ್ತೆರಡು. ಮೊಣಕೈ ಮಡಚಿ, ಬೆರಳನ್ನು ಮುಖದ ಮುಂದೆ ಹಿಡಿದು ತೋರಿಸಿದಳು.

"ನನಗೆ ಇಷ್ಟು ದೂರದ್ದು ಕಂಡ್ರೆ ಸಾಕು. ಕೂದಲಷ್ಟು ಸಣ್ಣ ತಂತಿ, ಅದರ ಬಣ್ಣ ಗೊತ್ತಾಗ್ಬೇಕು. ಬೇರೇನೂ ಬೇಡ."

"ಎಲ್ಲರೂ ಮೊದಲು ಹಾಗೇ ಅಂತಾರೆ ಅಕ್ಕಾ," ಎಂದ ಅಂಗಡಿಯವನು, ಡಾಕ್ಟರು ರೋಗಿಯ ತಪ್ಪನ್ನು ಕ್ಷಮಿಸುವ ದನಿಯಲ್ಲಿ. "ಆಮೇಲೆ ತಲೆ ಎತ್ತಿದ್ರೆ ಗೋಡೆ ಗಡಿಯಾರ ಕಾಣಲ್ಲ. ಇದು ನೋಡಿ, ಒಂದೇ ಗಾಜು. ಮೇಲ್ಗಡೆ ದೂರದ್ದು, ನಡುವೆ ಕಂಪ್ಯೂಟರ್ ದೂರದ್ದು, ಕೆಳಗೆ ಹತ್ತಿರದ್ದು. ಒಂದೇ ಮೂಗಿನ ಮೇಲೆ ಮೂರು ಲೋಕ. ಹೇಗೂ ಮಾಡಿಸ್ತಾ ಇದೀರಲ್ಲ, ಪ್ರತಿಫಲನ ತಡೆಯೋ ಲೇಪ, ಗೀರು ಬೀಳದ ಲೇಪ, ಎರಡೂ ಹಾಕಿಸಿಬಿಡೋಣ."

ತಂತಿಯಕ್ಕ ಟ್ರೇ ನೋಡಿದಳು, ಅವನ ಮುಖ ನೋಡಿದಳು. "ನಿಮ್ಮ ಕೆಲಸ ನಿಮಗೆ ಗೊತ್ತಿರತ್ತೆ. ಮಾಡಿ," ಎಂದು ನಡುವಿನ ಫ್ರೇಮನ್ನು ಎತ್ತಿಕೊಂಡಳು.

ಅವಳು ಹೋದಮೇಲೆ ಬಿಲ್ಲಿನ ಮೇಜಿನಲ್ಲಿ ಕೂತಿದ್ದ ಅವನ ಹೆಂಡತಿ ತಲೆಯೆತ್ತದೆ ಹೇಳಿದಳು: "ಬಾಗಿಲ ಹತ್ರ ತಿರುಗೋ ಸ್ಟ್ಯಾಂಡಿನಲ್ಲಿ ಓದೋ ಕನ್ನಡಕ ನೇತಾಡ್ತಿದೆಯಲ್ಲ, ಅದೊಂದು ಕೊಟ್ಟಿದ್ರೆ ಸಾಕಾಗ್ತಿತ್ತು. ಅವರು ಕೇಳಿದ್ದೂ ಅದನ್ನೇ."

"ಹತ್ತು ಪರ್ಸೆಂಟ್ ಬಿಟ್ಟಿದೀನಿ ಕಣೇ."

"ದೊಡ್ಡ ಮನಸ್ಸು."

ತಂತಿಯಕ್ಕನಿಗೆ ಹತ್ತು ಪರ್ಸೆಂಟ್ ಬಿಡಲು ಕಾರಣವಿತ್ತು. ಮುಂದಿನ ಮಂಗಳವಾರದಿಂದ ಅವಳು ಅವನ ವಿಮಾನದ ಕೆಲಸ ಶುರುಮಾಡಬೇಕಿತ್ತು.

ಕನ್ನಡಕದಂಗಡಿಯವನಿಗೆ ಒಂದು ವಿಮಾನವಿದೆ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ, ನೋಡಿದವರು ಇಳಿಸಿಕೊಳ್ಳುತ್ತಾರೆ. ಒಂದೇ ಎಂಜಿನ್ನಿನ, ನಾಲ್ಕು ಸೀಟಿನ ಈ ವಿಮಾನಕ್ಕೆ ನಲವತ್ತೊಂದು ವರ್ಷ. ಎಡಬಾಗಿಲು ಹಾಕಬೇಕಾದರೆ ಸೊಂಟದಿಂದ ಒತ್ತಬೇಕು. ಎಂಜಿನ್ ಗಟ್ಟಿಯಾಗಿದೆ. ಹಳೆಯದಾಗಿದ್ದದ್ದು ಚಾಲಕನ ಮುಂದಿನ ಫಲಕ. ಎತ್ತರ, ವೇಗ, ದಿಕ್ಕು ತೋರಿಸುವ ದುಂಡು ಮೀಟರುಗಳು, ಮತ್ತು ಹವಾಮಾನ ಕೆಟ್ಟಾಗ ತಾನೂ ಮುನಿಸಿಕೊಳ್ಳುವ ಒಂದು ರೇಡಿಯೋ. ಇದನ್ನೆಲ್ಲ ಕಡಿಮೆ ಖರ್ಚಿನಲ್ಲಿ ಹೊಸದು ಮಾಡಬೇಕೆಂದು ಅವನು ನಾಲ್ಕು ವರ್ಷಗಳಿಂದ ಯೋಜನೆ ಹಾಕುತ್ತಿದ್ದ.

ಯೋಜನೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಣ್ಣು ಪರೀಕ್ಷೆಯ ಅಕ್ಷರಪಟದ ಕೆಳಗೆ, ರಟ್ಟಿನ ರೂಪದಲ್ಲಿತ್ತು. ಫಲಕದ ಅಳತೆಗೆ ಸರಿಯಾಗಿ ಕತ್ತರಿಸಿದ ರಟ್ಟಿನ ಮೇಲೆ ಬಣ್ಣದ ಪರದೆಗಳ ಚಿತ್ರಗಳನ್ನು ಗುಂಡುಸೂಜಿಯಿಂದ ಚುಚ್ಚಿದ್ದ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ರೋಗಿಯ ಕುರ್ಚಿಯಲ್ಲಿ ತಾನೇ ಕೂತು, ಚಿತ್ರಗಳನ್ನು ಅತ್ತಿತ್ತ ಸರಿಸಿ, ರಟ್ಟಿನ ಗುಂಡಿಗಳನ್ನು ಒತ್ತಿ, ಬಾಯಲ್ಲೇ ಸದ್ದು ಮಾಡುತ್ತಿದ್ದ. ಈಗ ನಡೆಯುತ್ತಿದ್ದದ್ದು ಹದಿನಾಲ್ಕನೇ ಆವೃತ್ತಿ. ಇದು ಮೈದಾನದವರ ಕಿವಿಗೂ ಬಿದ್ದು, ಅವನಿಗೆ "ಯೋಜನಾ ಮಂತ್ರಿಗಳು" ಎಂಬ ಹೆಸರು ಅಂಟಿತ್ತು. ಅವನು ಅದನ್ನು ಅರ್ಧ ಹೊಗಳಿಕೆಯೆಂದೇ ತಿಳಿದಿದ್ದ.

ಎರಡು ವರ್ಷದ ಹಿಂದೆ ತಂತಿಯಕ್ಕನನ್ನು ಕೇಳಿದ್ದ. ಅವಳು ಫಲಕದ ಕೆಳಗೆ ಟಾರ್ಚ್ ಬಿಟ್ಟು ಹತ್ತು ನಿಮಿಷ ನೋಡಿ ಹೇಳಿದ್ದಳು: "ಹಿಂದಿನ ಮಾಲೀಕರು ಕಿತ್ತು ಹಾಕಿದ ಸಾಮಾನಿನ ಸತ್ತ ತಂತಿ ಒಂದು ಬುಟ್ಟಿ ಇದೆ. ಅದನ್ನ ತೆಗೀತೀನಿ. ರೇಡಿಯೋ ರಿಪೇರಿ ಆಗತ್ತೆ. ಕೆಳಗಿರೋ ಕಂಟ್ರೋಲಿನವರಿಗೆ ವಿಮಾನದ ಎತ್ತರ ತಿಳಿಸೋ ಟ್ರಾನ್ಸ್‌ಪಾಂಡರ್ ಮುಂದೆ ಕಡ್ಡಾಯ ಮಾಡ್ತಾರೆ, ಅದೊಂದು ಹಾಕಿಸ್ಕೊಳ್ಳಿ. ಮಿಕ್ಕಿದ್ದು ಚೆನ್ನಾಗೇ ಇದೆ."

"ಅಷ್ಟೇನಾ?"

"ಅಷ್ಟೇ."

ಅವನು ಕಾರಿಗೆ ಹೋಗಿ ಕೂತು ಯೋಚಿಸಿದ. ಮೊದಲು ಅಗ್ಗದ್ದನ್ನು ತೋರಿಸುವವರು ಯಾರು, ಆಮೇಲೆ ಏನು ಮಾಡುತ್ತಾರೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಫಲಕ ಬಿಚ್ಚಿದ ಮೇಲೆ "ಹೇಗೂ ಬಿಚ್ಚಿದೀವಲ್ಲ" ಎಂಬ ಮಾತು ಬಂದೇ ಬರುತ್ತದೆ. ಅವಳಿಗೆ ಏನೂ ಮಾರುವ ಆಸೆಯಿಲ್ಲ ಎಂಬ ಸಾಧ್ಯತೆ ಅವನ ತಲೆಗೆ ಹೊಳೆಯಲೇ ಇಲ್ಲ. ಹಾಗಾಗಿ ಎಲ್ಲರ ಆಟವನ್ನೂ ಕೆಡಿಸುವಂತೆ ಸ್ವಂತ ದಾರಿ ಹಿಡಿದ. ಯಾರೋ ಬಳಸಿ ಬಿಟ್ಟ ಬಣ್ಣದ ಪರದೆಯೊಂದನ್ನು ಅರ್ಧ ಬೆಲೆಗೆ ತರಿಸಿದ. ಆ ಖರ್ಚು ತುಂಬಿಸಲು ರೇಡಿಯೋವನ್ನು ಬಿಚ್ಚಿ ಮಾರಿದ. ಪರದೆ ಬಂತು. ಅವನ ಮಾದರಿಯ ವಿಮಾನದಲ್ಲಿ ಅದನ್ನು ಕೂರಿಸಲು ಬೇಕಾದ ಮಂಜೂರಾತಿ ಪತ್ರ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಪರದೆ ಕಪಾಟು ಸೇರಿತು. ಫಲಕದಲ್ಲಿ ರೇಡಿಯೋ ಇದ್ದ ಕಡೆ ಎರಡು ಕೈ ತೂರುವಷ್ಟು ತೂತು ಉಳಿಯಿತು. ಉಳಿತಾಯದ ಈ ಮೊದಲ ಹಂತ ಮುಗಿದಾಗಿನಿಂದ, ಹದಿನಾಲ್ಕು ತಿಂಗಳು, ವಿಮಾನ ನೆಲ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಮೈದಾನದ ಮ್ಯಾನೇಜರು ನೋಟೀಸು ಅಂಟಿಸಿದರು. ತಿಂಗಳ ಕೊನೆಯ ಶನಿವಾರ ಸಂಜೆ ಐದರೊಳಗೆ ಟ್ರಾನ್ಸ್‌ಪಾಂಡರ್ ಹಾಕಿಸಿ, ಹಾರಲು ಯೋಗ್ಯ ಎಂಬ ಸಹಿ ಪಡೆಯದ ವಿಮಾನಗಳಿಗೆ ಶೆಡ್ಡಿನಲ್ಲಿ ಜಾಗವಿಲ್ಲ. ಜಾಗ ಕಾಯುವವರ ಪಟ್ಟಿಯಲ್ಲಿ ಹನ್ನೊಂದು ಜನರಿದ್ದರು. ಕನ್ನಡಕದಂಗಡಿಯವನು ಆ ಪಟ್ಟಿಯಲ್ಲಿ ಏಳು ವರ್ಷ ಕಾದು ಒಳಗೆ ಬಂದವನು. ತೆಳು ಅಲ್ಯುಮಿನಿಯಂ ಮೈಯ ಹಳೇ ವಿಮಾನ ಬಿಸಿಲು, ಆಲಿಕಲ್ಲುಗಳಿಗೆ ಹೊರಗೆ ನಿಂತರೆ ಎಷ್ಟು ದಿನ ತಡೆದೀತು ಎಂಬ ಲೆಕ್ಕ ಅವನ ಯಾವ ಆವೃತ್ತಿಯಲ್ಲೂ ಇರಲಿಲ್ಲ. ಮೈ ಚಳಿ ಬಿಟ್ಟು ತಂತಿಯಕ್ಕನ ಹತ್ತಿರ ಹೋದ.

"ಐದು ದಿನ ಕೊಡಿ," ಎಂದಳು. "ನನ್ನ ಹತ್ರ ಒಂದು ಹಳೇ ರೇಡಿಯೋ ಇದೆ, ತೂತಿಗೆ ಸರಿಹೋಗತ್ತೆ. ಟ್ರಾನ್ಸ್‌ಪಾಂಡರ್ ತರಿಸ್ತೀನಿ."

"ಮತ್ತೆ... ಹೇಗೂ ಬಿಚ್ಚಿರ್ತೀರಲ್ಲ," ಅವನೇ ಬಾಯಿಬಿಟ್ಟ. "ಇನ್ನೇನಾದ್ರೂ?"

"ಬಿಚ್ಚಿದ್ದನ್ನ ಮುಚ್ತೀನಿ."

ಮಂಗಳವಾರ ತಂತಿಯಕ್ಕ ಹೊಸ ಕನ್ನಡಕ ಹಾಕಿಕೊಂಡೇ ಕೆಲಸಕ್ಕೆ ಇಳಿದಳು. ಬುಧವಾರ, ಗುರುವಾರ ಫೋನು ಮಾಡಿದಾಗ "ನಡೀತಿದೆ" ಎಂದಷ್ಟೇ ಹೇಳಿದಳು. ಗುರುವಾರದ "ನಡೀತಿದೆ" ಸ್ವಲ್ಪ ತಡವಾಗಿ ಬಂತು. ಶುಕ್ರವಾರ ಮಧ್ಯಾಹ್ನ ಅಂಗಡಿಯನ್ನು ಹೆಂಡತಿಗೆ ಬಿಟ್ಟು ಅವನು ಮೈದಾನಕ್ಕೆ ಹೋದ.

ಶೆಡ್ಡಿನಲ್ಲಿ ಎಡಬಾಗಿಲಿನಿಂದ ಎರಡು ಕಾಲುಗಳು ಹೊರಗೆ ಚಾಚಿದ್ದವು. ಚಾಲಕನ ಸೀಟನ್ನು ತೆಗೆದು, ನೆಲದ ಮೇಲೆ ಬೆನ್ನು ಹಾಕಿ, ತಲೆಯನ್ನು ಫಲಕದ ಕೆಳಗೆ ತೂರಿಸಿ ತಂತಿಯಕ್ಕ ಅಂಗಾತ ಮಲಗಿದ್ದಳು. ತಂತಿಗಳ ಗೊಂಚಲು ಅವಳ ಮುಖದ ಮೇಲೆಯೇ, ಮೊಣಕೈ ದೂರದಲ್ಲಿ ಇಳಿಬಿದ್ದಿತ್ತು. ಅವಳು ಒಂದು ಕೈಯಲ್ಲಿ ಕನ್ನಡಕವನ್ನು ಹಣೆಗೆ ಏರಿಸಿ ಹಿಡಿದು, ಗಾಜಿನ ಕೆಳತುದಿಯಿಂದ ಇಣುಕುತ್ತಿದ್ದಳು. ಇನ್ನೊಂದು ಕೈಯಲ್ಲಿ ಇಕ್ಕಳ. ತಂತಿ ಹಿಡಿಯಲು ಮೂರನೇ ಕೈ ಇರಲಿಲ್ಲ. ಕನ್ನಡಕ ಬಿಟ್ಟರೆ ಜಾರಿ ಮೂಗಿಗೆ ಬರುತ್ತಿತ್ತು. ಅವಳು ಮತ್ತೆ ಏರಿಸುತ್ತಿದ್ದಳು.

ಬಾಗಿಲಲ್ಲಿ ನಿಂತ ಕನ್ನಡಕದಂಗಡಿಯವನಿಗೆ ಎಲ್ಲವೂ ಒಂದೇ ನೋಟಕ್ಕೆ ಅರ್ಥವಾಯಿತು. ಮೂರು ಲೋಕದ ಆ ಗಾಜಿನಲ್ಲಿ ಹತ್ತಿರದ್ದು ಕಾಣುವುದು ಕೆಳಗಡೆಯಿಂದ. ತಗ್ಗಿ ಪುಸ್ತಕ ಓದುವವರಿಗೆ ಅದು ಸರಿ. ಅಂಗಾತ ಮಲಗಿ ನೆತ್ತಿಯ ಕಡೆಯ ತಂತಿ ನೋಡುವವರಿಗೆ ಎದುರಾಗುವುದು ಗಾಜಿನ ಮೇಲ್ಭಾಗ. ಅದರಲ್ಲಿ ಗೋಡೆ ಗಡಿಯಾರ ಮಾತ್ರ ಸ್ಪಷ್ಟ. ನೀವು ಕೆಲಸ ಮಾಡುವಾಗ ತಲೆ ಹೇಗಿರುತ್ತದೆ ಎಂಬ ಒಂದು ಪ್ರಶ್ನೆಯನ್ನು ಅವನು ಕೇಳಬೇಕಿತ್ತು. ಆ ಪ್ರಶ್ನೆ ಕೇಳಬೇಕೆಂದು ಹುಡುಗನಾಗಿದ್ದಾಗಲೇ ಅವನಿಗೆ ಆಗ ಅಂಗಡಿ ನಡೆಸುತ್ತಿದ್ದ ಅಪ್ಪ ಕಲಿಸಿದ್ದರು.

"ಯಾರು, ಮಂತ್ರಿಗಳಾ?" ಒಳಗಿನಿಂದ ದನಿ ಬಂತು. "ಬನ್ನಿ. ಒಂದು ವಿಷಯ ಹೇಳ್ಬೇಕು ನಿಮಗೆ."

ಅವಳು ತೆವಳಿ ಹೊರಗೆ ಬಂದು ಗಾಲಿಗೆ ಒರಗಿ ಕೂತಳು. ಕತ್ತು ಹಿಡಿದುಕೊಂಡಿತ್ತು.

"ಎರಡು ಕಡೆ ತಂತಿ ಅದಲುಬದಲು ಜೋಡಿಸಿದೀನಿ. ಕೇಸರಿ, ಕಂದು ವ್ಯತ್ಯಾಸ ಗೊತ್ತಾಗ್ತಿಲ್ಲ. ಮೂವತ್ತು ವರ್ಷದಲ್ಲಿ ಹೀಗಾಗಿರ್ಲಿಲ್ಲ. ಒಳ್ಳೇ ಕನ್ನಡಕ ಹಾಕ್ಕೊಂಡ್ರೂ ಕಾಣ್ತಿಲ್ಲ ಅಂದ್ರೆ ಕಣ್ಣೇ ಹೋಯ್ತು ಅಂತ ತಾನೇ? ನಿಮ್ಮ ಕೆಲಸ ಮುಗಿಸಿ ನಾನು ಲೈಸೆನ್ಸ್ ವಾಪಸ್ ಕೊಡೋಣ ಅಂತಿದೀನಿ. ಕಾಣದೇ ಇದ್ದವಳು ಇನ್ನೊಬ್ಬರ ಜೀವದ ಜತೆ ಆಟ ಆಡಬಾರದು."

ಅಂಗಡಿಯವನ ನಾಲಿಗೆ ಅಭ್ಯಾಸಬಲದಿಂದ ಮೊದಲು ಹೊರಳಿತು. "ಅದಕ್ಕೇ ಅಂತ ಒಂದು ವಿಶೇಷ ಗಾಜು ಬರತ್ತೆ ಅಕ್ಕಾ, ಮೇಲೂ ಕೆಳಗೂ ಹತ್ತಿರದ್ದು ಕಾಣೋ ಹಾಗೆ, ಸ್ವಲ್ಪ..." ಎಂದವನು ಬೆಲೆಯ ಮಾತು ಬರುವಲ್ಲಿ ನಿಂತ. ಎದುರಿಗಿದ್ದವಳು ಅವನ ಮಾತನ್ನು ನಂಬಿಕೊಂಡು, ಕಣ್ಣರಳಿಸಿ ಕೇಳುತ್ತಿದ್ದಳು. ಅದನ್ನೇ ಅವನಿಗೆ ತಡೆದುಕೊಳ್ಳಲು ಆಗಲಿಲ್ಲ.

"ನಿಮ್ಮ ಕಣ್ಣಿಗೇನೂ ಆಗಿಲ್ಲ. ನಾನು ಕೊಟ್ಟ ಕನ್ನಡಕವೇ ತಪ್ಪು. ಮಲಗಿ ಕೆಲಸ ಮಾಡೋರಿಗೆ ಅದು ಆಗಲ್ಲ."

"ನಿಮಗೆ ಮೊದಲೇ ಗೊತ್ತಿತ್ತಾ?"

"ಕೇಳಿದ್ರೆ ಗೊತ್ತಾಗ್ತಿತ್ತು. ಕೇಳ್ಲಿಲ್ಲ."

ಇಪ್ಪತ್ತು ನಿಮಿಷದ ದಾರಿಯನ್ನು ಅವನು ಹದಿನಾಲ್ಕು ನಿಮಿಷಕ್ಕೆ ಮುಗಿಸಿದ. ಅಂಗಡಿಯ ಬಾಗಿಲಲ್ಲಿ, ಛತ್ರಿಗಳ ಡಬ್ಬಿಯ ಹಿಂದಕ್ಕೆ ಅವನೇ ತಳ್ಳಿದ್ದ ತಿರುಗುವ ಸ್ಟ್ಯಾಂಡಿನಿಂದ ಎರಡು ನಂಬರಿನ ಸಾದಾ ಓದುವ ಕನ್ನಡಕವೊಂದನ್ನು ಕಿತ್ತುಕೊಂಡ. ಹೆಂಡತಿ ನೋಡಿದಳು.

"ಯಾರಿಗೆ ಅಂತ ಕೇಳ್ಲಾ, ಬೇಡ್ವಾ?"

"ಬೇಡ."

"ಬಿಲ್?"

"ಬೇಡ ಕಣೇ!"

ತಂತಿಯಕ್ಕ ಅದನ್ನು ಹಾಕಿಕೊಂಡು ಮತ್ತೆ ಫಲಕದ ಕೆಳಗೆ ತೂರಿದಳು. ಒಂದೊಂದೇ ತಂತಿಯನ್ನು ಸರಿಸಿ ನೋಡಿದಳು. ಆಮೇಲೆ "ಅಯ್ಯೋ ದೇವ್ರೆ, ಇದು ಕೇಸರಿ," ಎಂಬ ಮಾತು ಕೇಳಿತು. ಮತ್ತೆ ಸ್ವಲ್ಪ ಹೊತ್ತಿಗೆ: "ಇದೂ."

ಹೊರಗೆ ಬಂದಾಗ ಅವಳ ಮುಖ ಹಗುರಾಗಿತ್ತು, ಮಾತು ಹಗುರಾಗಿರಲಿಲ್ಲ. "ಮೂರು ದಿನದಲ್ಲಿ ಮಾಡಿರೋ ಅರವತ್ತೆಂಟು ಜೋಡಣೇನೂ ಕಿತ್ತು ಮತ್ತೆ ಮಾಡ್ಬೇಕು. ಒಂದನ್ನೂ ನಂಬಲ್ಲ ನಾನು."

"ತಪ್ಪಾಗಿರೋದು ಎರಡೇ ಅಲ್ವಾ? ಆ ಎರಡನ್ನ ಸರಿಮಾಡಿ ನಾಳೆ ಸಹಿ ಹಾಕಿದ್ರೆ..."

"ನನಗೆ ಕಂಡಿದ್ದು ಎರಡು. ಕಾಣದೇ ಇದ್ದಾಗ ಕಂಡಿದ್ದು."

ಅವನು ಗೋಡೆಯ ನೋಟೀಸು ನೋಡಿದ. ಅವಳ ಕೈಯಲ್ಲಿದ್ದ ದುಬಾರಿ ಕನ್ನಡಕ ನೋಡಿದ. ಎರಡೂ ಲೇಪಗಳು ಚೆನ್ನಾಗಿ ಕೂತಿದ್ದವು, ಒಂದು ಗೀರೂ ಇರಲಿಲ್ಲ. "ಕೀಳಿ," ಎಂದ.

"ಇದರ ದುಡ್ಡು?"

"ವಾಪಸ್ ಕೊಡ್ತೀನಿ."

"ಪೂರ್ತಿ ಕೊಡ್ಬೇಡಿ, ಆಮೇಲೆ ರಾತ್ರಿ ನಿದ್ದೆ ಬರಲ್ಲ ನಿಮಗೆ. ಹತ್ತು ಪರ್ಸೆಂಟ್ ಇಟ್ಕೊಳ್ಳಿ," ಎಂದು ತಂತಿಯಕ್ಕ ಇಕ್ಕಳ ಎತ್ತಿಕೊಂಡು ಒಳಗೆ ಹೋದಳು.

ಶನಿವಾರ ಸಂಜೆ ಐದು ಗಂಟೆಗೆ ಮ್ಯಾನೇಜರು ಬಂದಾಗ ಇಪ್ಪತ್ತಮೂರು ಜೋಡಣೆ ಬಾಕಿಯಿತ್ತು. ಅವರು ಕ್ಷಮೆ ಕೇಳುವ ದನಿಯಲ್ಲೇ ಕೇಳಿದರು: "ಮಂತ್ರಿಗಳೇ, ಸಹಿ ಆಯ್ತಾ?" ಆಗಿಲ್ಲ ಎಂದ. ಎರಡು ದಿನ ಹೆಚ್ಚು ಕೊಡಬಹುದಾ ಎಂದು ಕೇಳಲು ಬಾಯಿ ತೆರೆದ. ಹೊರಗೆ ಪಟ್ಟಿಯ ಮೊದಲನೆಯವನು ತನ್ನ ವಿಮಾನದ ಮೂಗು ಒರೆಸುತ್ತ ನಿಂತಿದ್ದು ಕಾಣಿಸಿತು. ಅವನೂ ಏಳು ವರ್ಷ ಕಾದವನು. ಅಂಗಡಿಯವನು ಬಾಯಿ ಮುಚ್ಚಿಕೊಂಡ. ನಾಲ್ವರು ಸೇರಿ ನಲವತ್ತೊಂದು ವರ್ಷದ ವಿಮಾನವನ್ನು ಹಿಂದಕ್ಕೆ ತಳ್ಳಿ, ಹುಲ್ಲಿನ ಮೇಲೆ ಹಗ್ಗದಿಂದ ಮೂರು ಗೂಟಕ್ಕೆ ಕಟ್ಟಿದರು. ತಂತಿಯಕ್ಕ ಬೆಳಕು ಇರುವವರೆಗೂ ಅಲ್ಲೇ, ಹುಲ್ಲಿನ ಮೇಲೆಯೇ ಕೆಲಸ ಮಾಡಿದಳು. ಅವನು ಪಕ್ಕದಲ್ಲಿ ಕೂತು, ಅವಳು ಕೇಳಿದ ತಂತಿಯನ್ನು ಕೈಗೆ ಕೊಟ್ಟ. ಬೇರೆ ಯಾವ ಸಲಹೆಯನ್ನೂ ಕೊಡಲಿಲ್ಲ.

ಟ್ರಾನ್ಸ್‌ಪಾಂಡರ್ ಪರೀಕ್ಷೆ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ. ಶೆಡ್ಡಿನ ಪಟ್ಟಿಯಲ್ಲಿ ಅವನದು ಈಗ ಹನ್ನೊಂದನೇ ಹೆಸರು.